ಉಳಿದ ಉಲ್ಲನ್‌ನಿಂದ ಸ್ಲಿಪ್ಪರ್: ಬಣ್ಣಕ್ಕಿಂತ ಮೊದಲು ದಪ್ಪ ನೋಡಿ

ಪುಣೆಯ ಹಳೇ ಮನೆಗಳಲ್ಲಿ ಇವತ್ತಿಗೂ ಶಹಾಬಾದ್ ಕಲ್ಲಿನ ನೆಲವೇ. ಕಲಬುರಗಿ ಸೀಮೆಯ ಈ ಕಲ್ಲು ಡಿಸೆಂಬರ್ ಬೆಳಗಿನಲ್ಲಿ ಅಂಗಾಲು ಕೊರೆಯುವಷ್ಟು ತಣ್ಣಗಿರುತ್ತದೆ. ಸ್ವೆಟರ್ ಹೆಣೆದು ಮಿಕ್ಕ ಉಂಡೆಗಳು ಮನೆಯಲ್ಲಿದ್ದರೆ, ಹೆಣಿಗೆ ಯಂತ್ರದಲ್ಲಿ ಒಂದು ಮಧ್ಯಾಹ್ನಕ್ಕೆ ಒಂದು ಜೋಡಿ ಸ್ಲಿಪ್ಪರ್ ಆಗುತ್ತದೆ.

ಕೆಡುವುದು ಹೆಚ್ಚಾಗಿ ದಾರ ಆರಿಸುವಾಗಲೇ. ಕೆಂಪಿಗೆ ಹಳದಿ ಒಪ್ಪುತ್ತದೆಯೇ ಎಂದು ನೋಡುತ್ತೇವೆ, ದಪ್ಪ ನೋಡುವುದಿಲ್ಲ. ತೆಳು ದಾರದ ಪಟ್ಟಿ ಬಂದ ಕಡೆ ಬಟ್ಟೆ ಸೊಂಟದಂತೆ ಒಳಕ್ಕೆ ಹೋಗುತ್ತದೆ. ಎರಡು ದಾರಗಳನ್ನು ಒಂದರೊಳಗೊಂದು ಕೊಕ್ಕೆಯಂತೆ ಸಿಕ್ಕಿಸಿ, ಹೊಸೆದು, ಬೆರಳಲ್ಲಿ ಜಾರಿಸಿ ನೋಡಿ. ಕೂಡಿದ ಜಾಗ ದಾಟುವಾಗ ದಪ್ಪ ಬದಲಾದದ್ದು ಬೆರಳಿಗೇ ತಿಳಿಯುತ್ತದೆ. ಚೀಟಿ ಕಳೆದುಹೋದ ಉಂಡೆಯಾದರೆ ಒಂದು ಎಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಎರಡನ್ನೂ ಒಂದೇ ಸ್ಲಿಪ್ಪರಿಗೆ ಹಾಕಬೇಡಿ. ಬಿಸಿನೀರಿಗೆ ಬಿದ್ದರೆ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಹಾಗೇ ಇರುತ್ತದೆ, ನಡುವೆ ಬಟ್ಟೆ ಸುಕ್ಕುಗಟ್ಟುತ್ತದೆ.

ದೊಡ್ಡವರ ಒಂದು ಜೋಡಿಗೆ 50ರಿಂದ 60 ಗ್ರಾಂ ಬೇಕು. ಹೆಣೆಯಲು ಕೂರುವ ಮೊದಲೇ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಬಣ್ಣವನ್ನೂ ತೂಗಿ ಸರಿಯಾಗಿ ಎರಡು ಪಾಲು ಮಾಡಿ, ಇಲ್ಲದಿದ್ದರೆ ಎರಡನೇ ಕಾಲಿಗೆ ನೀಲಿ ಸಾಲದೆ ಹೋಗುತ್ತದೆ. ಹಳೇ ಸ್ವೆಟರ್ ಬಿಚ್ಚಿದ ದಾರವಾದರೆ ಲಡಿ ಮಾಡಿ, ಒದ್ದೆ ಮಾಡಿ, ಕೆಳಗೆ ಸ್ವಲ್ಪ ಭಾರ ಕಟ್ಟಿ ಒಣಗಿಸಿ. ಗುಂಗುರು ಹೋಗದ ದಾರದಲ್ಲಿ ಕುಣಿಕೆಗಳು ಒಂದೊಂದು ಒಂದೊಂದು ಅಳತೆಗೆ ಬೀಳುತ್ತವೆ.

ಸೂಜಿಗಳ ನಡುವೆ 4.5 ಮಿ.ಮೀ. ಅಂತರವಿರುವ 200 ಸೂಜಿಯ ಮಾಮೂಲಿ ಯಂತ್ರ ಸಾಕು. ಒಂದು ಬಿಟ್ಟು ಒಂದು ಸೂಜಿ ಮುಂದೆ ತಂದು, 4 ಪ್ಲೈ ಎಂಬ ತೆಳು ದಾರದ ಎರಡು ಎಳೆ ಕೂಡಿಸಿ, ಕುಣಿಕೆಯ ಅಳತೆ ಹೊಂದಿಸುವ ಡಯಲನ್ನು 10ಕ್ಕೆ ಇಡಿ. 40 ಕುಣಿಕೆ, 60 ಸಾಲಿನ ಒಂದು ಮಾದರಿ ತುಂಡು ಹೆಣೆದು, ಕೆಳಗಿಳಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ಆತುರ ಪಡಬೇಡಿ. ಹೆಣೆಯುವಾಗ ಬಟ್ಟೆಗೆ ತೂಗುಹಾಕಿದ ತೂಕದ ಕೊಕ್ಕೆ ಎಳೆದಿದ್ದರಿಂದ ಬಟ್ಟೆ ಆಗಿನ್ನೂ ಉದ್ದಕ್ಕೆ ಹಿಗ್ಗಿರುತ್ತದೆ. 10 ಸೆಂ.ಮೀ.ಗೆ 24 ಸಾಲು ಇರಬೇಕಾದ್ದು 21 ಎಂದು ಕಂಡರೆ, ಆ ಲೆಕ್ಕದಲ್ಲಿ ಹೆಣೆದ ಸ್ಲಿಪ್ಪರ್ ಸುಮಾರು 3 ಸೆಂ.ಮೀ. ಗಿಡ್ಡವಾಗುತ್ತದೆ.

10 ಸೆಂ.ಮೀ.ಗೆ 16 ಕುಣಿಕೆ, 24 ಸಾಲು ಬಂತು ಎನ್ನೋಣ. ಪಾದದ ಉದ್ದ 24, ಸುತ್ತಳತೆ 23 ಸೆಂ.ಮೀ. ಎರಡರಲ್ಲೂ 2 ಕಳೆಯಿರಿ, ಏಕೆಂದರೆ ಹೆಣಿಗೆ ಕಾಲಿಗೆ ಹಾಕಿದ ಮೇಲೆ ಹಿಗ್ಗುತ್ತದೆ, ಅಳತೆಗೆ ಸರಿಯಾಗಿ ಹೆಣೆದದ್ದು ವಾರದಲ್ಲಿ ಸಡಿಲವಾಗುತ್ತದೆ. 21 ಸೆಂ.ಮೀ. ಅಗಲಕ್ಕೆ 34 ಕುಣಿಕೆ, 22 ಸೆಂ.ಮೀ. ಉದ್ದಕ್ಕೆ 53 ಸಾಲು. ಇಷ್ಟೇ, ಒಂದು ಚೌಕದ ತುಂಡು. ಹಿಮ್ಮಡಿಯಿಂದ ಶುರು, ಬೆರಳಿನ ಕಡೆ ಮುಗಿತಾಯ.

ಸೂಜಿಗಳಿಗೆ ದಾರವನ್ನು ಕೈಯಿಂದಲೇ ಸಡಿಲವಾಗಿ ಸುತ್ತಿ ಶುರುಮಾಡಿ. ಬಣ್ಣ ಬದಲಿಸುವುದು ಅಂಚಿನಲ್ಲಿ ಮಾತ್ರ, 10 ಸೆಂ.ಮೀ. ಬಾಲ ಬಿಟ್ಟು. ನಡುವೆ ಗಂಟು ಹಾಕಿದರೆ ಅದು ಸೂಜಿಯ ತುದಿಯಲ್ಲಿ ತೆರೆದು ಮುಚ್ಚುವ ನಾಲಿಗೆಗೆ ಸಿಕ್ಕಿಕೊಂಡು ಕುಣಿಕೆ ಬೀಳುತ್ತದೆ, ಸೂಜಿಗಳ ಮೇಲೆ ಅತ್ತಿತ್ತ ಓಡಿಸುವ ಕ್ಯಾರಿಯೇಜ್ ಅಲ್ಲೇ ನಿಲ್ಲುತ್ತದೆ. ಒತ್ತಿ ತಳ್ಳಬೇಡಿ, ಸೂಜಿ ಬಾಗುತ್ತದೆ. ಗಂಟೇ ಇಲ್ಲದೆ ಅಲ್ಲಲ್ಲಿ ಕುಣಿಕೆ ಬೀಳುತ್ತಿದ್ದರೆ ಸೂಜಿಗಳನ್ನು ಒತ್ತಿ ಹಿಡಿಯುವ ಸ್ಪಾಂಜ್ ಪಟ್ಟಿ ತೆಗೆದು ನೋಡಿ. ಸ್ಪಾಂಜ್ ಚಪ್ಪಟೆಯಾಗಿದ್ದರೆ ಸೂಜಿ ಮೇಲೆದ್ದು ದಾರ ಹಿಡಿಯುವುದಿಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಯಂತ್ರವನ್ನೇ ಮಾರಿಬಿಡುತ್ತಾರೆ, ಬದಲಿಸಬೇಕಾದ್ದು ಒಂದು ಪಟ್ಟಿ ಸ್ಪಾಂಜ್ ಮಾತ್ರ.

ಕೊನೆಯ ಸಾಲಾದ ಮೇಲೆ ಗಟ್ಟಿ ದಾರವೊಂದನ್ನು ದಬ್ಬಣಕ್ಕೆ ಪೋಣಿಸಿ, 34 ಕುಣಿಕೆಗಳೊಳಗೂ ಎರಡು ಸಲ ಹಾಯಿಸಿ, ಬಿಗಿಯಾಗಿ ಎಳೆದು ಕಟ್ಟಿ. ಒಂದೇ ಸಲ ಹಾಯಿಸಿದರೆ ತುದಿಯಲ್ಲಿ ತೂತು ಉಳಿದು ಹೆಬ್ಬೆರಳು ಇಣುಕುತ್ತದೆ. ಯಂತ್ರದಲ್ಲಿ ನಮ್ಮ ಎದುರಿಗೆ ಕಾಣುವುದು ಉಲ್ಟಾ ಮಗ್ಗುಲು, ಹೊಲಿಯುವಾಗ ಸೀದಾ ಮಗ್ಗುಲು ಹೊರಗೆ ಬರಲಿ. ತುದಿಯಿಂದ 10 ಸೆಂ.ಮೀ. ವರೆಗೆ ಎರಡೂ ಅಂಚು ಕೂಡಿಸಿ ಹೊಲಿಯಿರಿ, ಮಿಕ್ಕದ್ದು ಕಾಲು ಹಾಕುವ ಬಾಯಿ.

ಹಿಮ್ಮಡಿ ಹೊಲಿಯುವಾಗ ನಿಧಾನ ಬೇಕು. ಶುರುವಿನ ಅಂಚನ್ನು ಮಧ್ಯಕ್ಕೆ ಮಡಚಿ ಪೂರ್ತಿ ಹೊಲಿದರೆ ಹಿಂದೆ ಚೂಪು ಮೂಲೆ ನಿಂತು ನಡೆಯುವಾಗ ಮಡಚಿಕೊಳ್ಳುತ್ತದೆ. ಮೇಲಿನಿಂದ ಹೊಲಿಯುತ್ತಾ ಬಂದು, ಮಡಿಕೆಗೆ 3 ಸೆಂ.ಮೀ. ಇರುವಾಗ ನಿಲ್ಲಿಸಿ. ಉಳಿದ ಬಾಯಿಯನ್ನು ಅಡ್ಡಕ್ಕೆ ಚಪ್ಪಟೆ ಮಾಡಿ ಹೊಲಿಯಿರಿ. ಹೊಲಿಗೆ ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದಂತೆ ಕಾಣುತ್ತದೆ, ಹಿಮ್ಮಡಿ ಗುಂಡಗೆ ಕೂರುತ್ತದೆ. ಬಾಯಿಯ ಅಂಚು ಒಳಕ್ಕೆ ಸುರುಳಿ ಸುತ್ತುವುದು ಈ ಹೆಣಿಗೆಯ ಗುಣ. ಕ್ರೋಶಾ ಕಡ್ಡಿಯಲ್ಲಿ ಎರಡು ಸುತ್ತು ಹಾಕಿದರೆ ನಿಲ್ಲುತ್ತದೆ. ಪುಣೆಯ ತುಳಶೀಬಾಗ್ ಪೇಟೆಯಲ್ಲಿ ಕಡ್ಡಿ ಕೊಳ್ಳುವಾಗ 4 ಮಿ.ಮೀ.ನದು ಕೇಳಿ, ದಾರ ಬೇಕಿದ್ದರೆ ಮರಾಠಿಯಲ್ಲಿ 'ಲೋಕರ್' ಎನ್ನಿ.

ಅಕ್ರಿಲಿಕ್ ನುಣುಪಾದ ಟೈಲ್ಸ್ ಮೇಲೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ತಳ ಹೊಲಿಯದೆ ಕೊಡಲೇಬೇಡಿ. ಹಳೇ ಬ್ಯಾಗಿನ ಚರ್ಮವನ್ನು ಪಾದದ ಅಳತೆಗೆ ಕತ್ತರಿಸಿ, ಒರಟು ಮುಖ ನೆಲಕ್ಕೆ ಬರುವಂತೆ ಇಟ್ಟು, ಅಂಚಿನಿಂದ 6 ಮಿ.ಮೀ. ಒಳಗೆ, 5 ಮಿ.ಮೀ.ಗೆ ಒಂದರಂತೆ ತೂತು ಹೊಡೆದು ಹೊಲಿಯಿರಿ. ಒಗೆದ ಮೇಲೆ ಹಗ್ಗಕ್ಕೆ ನೇತುಹಾಕದೆ ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.