ಸೊಂಟದ ಸುತ್ತು, ಕೆರೆಯ ಸುತ್ತು

ಹೋದ ತಿಂಗಳು ಇಲ್ಲಿ ಜಪಾನಿನ ಸೆಂಡಾಯ್‌ನಲ್ಲಿ ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್. ನರ್ಸಮ್ಮ ಟೇಪು ಸುತ್ತಿದರು, ನಾನು ಹೊಟ್ಟೆ ಒಳಗೆಳೆದುಕೊಂಡೆ. ‘ಉಸಿರು ಬಿಡಿ’ ಅಂದರು. ಬಿಟ್ಟೆ. 91 ಸೆಂ.ಮೀ.!

ಜಪಾನಿನಲ್ಲಿ 40ರಿಂದ 74 ವರ್ಷದವರಿಗೆ 2008ರಿಂದ ಈ ಅಳತೆ ಇದೆ. ಗಂಡಸರಿಗೆ 85, ಹೆಂಗಸರಿಗೆ 90 ಗಡಿ. ದಾಟಿ, ಜೊತೆಗೆ ಸಕ್ಕರೆ, ಬಿಪಿಯೂ ಏರಿದ್ದರೆ ಊಟ-ನಡಿಗೆಯ ಸಲಹೆಗೆ ಕರೆಯುತ್ತಾರೆ, ಅಷ್ಟೆ. ಊರಿನ ವಾಟ್ಸಾಪ್‌ನಲ್ಲಿ ಓಡಾಡುವ ‘ಜಪಾನಿನಲ್ಲಿ ದಪ್ಪ ಇದ್ದರೆ ದಂಡ’ ಅನ್ನೋದು ಬುರುಡೆ.

ಮೈಸೂರಿನ ಸರಸ್ವತಿಪುರಂಗೆ ಫೋನು ಮಾಡಿ ಹೇಳಿದರೆ ಅಪ್ಪ, ‘ಡಾಕ್ಟರ ಹತ್ರ ಹೋಗಿದ್ಯೋ, ಟೈಲರ್ ಹತ್ರಾನೋ?’ ಅಂತ ನಕ್ಕರು. ಟೆಸ್ಟು ಮಾಡಿಸಿದರೆ ಇಲ್ಲದ ಕಾಯಿಲೆಯೂ ಬರುತ್ತೆ ಅನ್ನೋದು ಅವರ ಸಿದ್ಧಾಂತ.

ಆದರೆ ಇದೇ ಅಪ್ಪ ರಿಟೈರಾದ ಮೇಲೆ ಹನ್ನೆರಡು ವರ್ಷ, ಬೆಳಗಿನ ಆರಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತಿದವರು. ಆರೋಗ್ಯಕ್ಕಂತೂ ಅಲ್ಲ. ನಾಲ್ವರು ಗೆಳೆಯರು, ಪಿಂಚಣಿ ಲೆಕ್ಕ, ಸೊಸೆಯಂದಿರ ದೂರು, ಹೆಜ್ಜಾರ್ಲೆಗಳ ಎಣಿಕೆ, ಕೊನೆಗೆ ಬೈ-ಟೂ ಕಾಫಿ. ಆಮೇಲೆ ಒಬ್ಬರು ಮಗನ ಮನೆಗೆ ಬೆಂಗಳೂರಿಗೆ ಹೋದರು, ಇನ್ನೊಬ್ಬರು ಮಂಡಿನೋವೆಂದು ಕೂತರು. ಗುಂಪು ಚದುರಿತು, ಅಪ್ಪನ ಶೂ ಸ್ಟ್ಯಾಂಡಿನ ಕೆಳಗಿನ ಹಲಗೆ ಸೇರಿತು. ರಾತ್ರಿ ನಾಲ್ಕು ಸಲ ಏಳೋದು ನೋಡಿ ಅಮ್ಮ ಎಳಕೊಂಡು ಹೋಗಿ ಟೆಸ್ಟು ಮಾಡಿಸಿದರೆ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 8.2. ಅದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ.

ಇಲ್ಲಿನ ಪಾರ್ಕಿನಲ್ಲಿ ಆರೂವರೆಗೆ ರೇಡಿಯೋ ಹಾಕಿಕೊಂಡು ಕೈಕಾಲು ಆಡಿಸುತ್ತಾರೆ, 1928ರಿಂದ ನಡೆದುಬಂದ ರೂಢಿ. ಮುಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಅಜ್ಜಿ. ದಿನಾ ಯಾಕೆ ಬರ್ತೀರಿ ಅಂದೆ. ಇಕಿಗಾಯ್, ಅಂದರೆ ಬದುಕೋಕೆ ಒಂದು ಕಾರಣ, ಅಂತ ದೊಡ್ಡ ಮಾತು ಬರುತ್ತೇನೋ ಅಂದುಕೊಂಡರೆ, ‘ಬರದಿದ್ದರೆ ಇವರೆಲ್ಲ ಬಂದು ಬಾಗಿಲು ಬಡೀತಾರೆ’ ಅಂದಳು. ಇದೇ ಊರಿನ ತೊಹೊಕು ವಿಶ್ವವಿದ್ಯಾಲಯದವರು 43 ಸಾವಿರ ಜನರನ್ನು ಸುಮಾರು 7 ವರ್ಷ ಗಮನಿಸಿ, ಬದುಕಿನಲ್ಲಿ ಇಕಿಗಾಯ್ ಇಲ್ಲ ಅಂದವರಲ್ಲಿ ಸಾವು ಹೆಚ್ಚೆಂದು 2008ರಲ್ಲಿ ಬರೆದಿದ್ದರು. ಕಾಯಿಲೆ ಬಿದ್ದವರಿಗೂ ಬದುಕು ಸಪ್ಪೆ ಅನ್ನಿಸುತ್ತಲ್ಲ, ಯಾವುದು ಮೊದಲೋ! ನನಗಂತೂ ಅಪ್ಪನ ಶೂ ಕಣ್ಣಮುಂದೆ ಬಂತು.

ಈಗ ಶನಿವಾರ ಬೆಳಿಗ್ಗೆ ಅಪ್ಪನಿಗೆ ಆರು ಗಂಟೆ, ನನಗೆ ಒಂಬತ್ತೂವರೆ. ಇಬ್ಬರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಡ್ತೀವಿ. ಅವರು ಕೆರೆ ಏರಿ ಮೇಲೆ, ನಾನು ಹಿರೋಸೆ ನದಿ ದಂಡೆಯಲ್ಲಿ. ಮೊನ್ನೆ ಸುತ್ತು ಮುಗಿದ ಮೇಲೆ ಅತ್ತಲಿಂದ ಕಾಫಿ ಹೀರುವ ಸದ್ದು. ಸಕ್ಕರೆ ಹಾಕಿಸಿದ್ರಾ ಅಂತ ಕೇಳಿದೆ.

‘ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಕಣೋ’ ಅಂದು ಇಟ್ಟೇಬಿಟ್ಟರು.