ಗಿಟಾರ್ ಕಾರ್ಖಾನೆಯಲ್ಲಿ ಒಬ್ಬ ದುರಸ್ತಿಗಾರ ಕಲಿತದ್ದು

ಗಿಟಾರ್ ದುರಸ್ತಿ ನನ್ನ ಕಸುಬು. ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಎದ್ದಿದೆ, ಕತ್ತಿನಂತಿರುವ ಉದ್ದ ಹಿಡಿ, ಅಂದರೆ ನೆಕ್ ಬಾಗಿದೆ, ತಂತಿ ನೆಕ್ ಮೇಲಿನ ಲೋಹದ ಪಟ್ಟಿಯಾದ ಫ್ರೆಟ್‌ಗೆ ತಾಗಿ ಕಿರಿಕಿರಿ ಸದ್ದು ಬರುತ್ತಿದೆ ಎಂಬ ದೂರುಗಳೊಂದಿಗೆ ವಾದ್ಯಗಳು ನನ್ನ ಮೇಜಿಗೆ ಬರುತ್ತವೆ. ಅವು ತಯಾರಾಗುವ ಜಾಗವನ್ನು ನೋಡುವ ಅವಕಾಶ ಈಚೆಗೆ ದೊರೆಯಿತು. ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್‌ಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ, ಮರದ ಉಗ್ರಾಣದಿಂದ ಕೊನೆಯ ಪರೀಕ್ಷೆಯವರೆಗೆ, ಪ್ರತಿ ಮೇಜಿನವರ ಪಕ್ಕದಲ್ಲೂ ನಿಂತು ಮಾತನಾಡಿದೆ. ಅಲ್ಲಿ ಕಲಿತದ್ದು ನನ್ನ ಕೆಲಸದ ಕ್ರಮವನ್ನೇ ಬದಲಿಸಿದ್ದರಿಂದ, ಇದೇ ಕಸುಬಿನಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಹೆಚ್ಚು ಹೊತ್ತು ಕಳೆದದ್ದು ಉಗ್ರಾಣದಲ್ಲಿ. ಮರವು ತೇವಾಂಶವನ್ನು ಹೀರಿದಾಗ ನಾರಿನ ಉದ್ದಕ್ಕೆ ಹಿಗ್ಗುವುದು ಬಹಳ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಬಹಳ ಹೆಚ್ಚು. ಸುಮಾರು ಮೂರು ಮಿಲಿಮೀಟರ್ ದಪ್ಪದ, ಸ್ಪ್ರೂಸ್ ಎಂಬ ಮರದ ಮೇಲ್ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಅಂಟಿಸಿಬಿಟ್ಟ ಮೇಲೆ ಅದಕ್ಕೆ ಸ್ವತಂತ್ರವಾಗಿ ಹಿಗ್ಗಲು, ಕುಗ್ಗಲು ಜಾಗವಿರುವುದಿಲ್ಲ. ತೇವ ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಆದ್ದರಿಂದಲೇ ಇಂಥ ಕಾರ್ಖಾನೆಗಳಲ್ಲಿ ಗಾಳಿಯ ಆರ್ದ್ರತೆಯನ್ನು ಶೇ. 45ರಿಂದ 50ರ ಆಸುಪಾಸಿನಲ್ಲಿ ಹಿಡಿದಿಡುತ್ತಾರೆ. ಉಗ್ರಾಣವನ್ನು ನೋಡಿಕೊಳ್ಳುವ ಮಹಿಳೆ ಮಾದರಿ ಹಲಗೆಗಳನ್ನು ಮತ್ತೆ ಮತ್ತೆ ತೂಗಿ, ತೂಕ ಇಳಿಯುವುದು ಪೂರ್ತಿ ನಿಲ್ಲುವವರೆಗೆ ಆ ರಾಶಿಯನ್ನು ಮುಂದಿನ ಮೇಜಿಗೆ ಬಿಡುತ್ತಿರಲಿಲ್ಲ. ಎಷ್ಟು ಒತ್ತಡ ಬಂದರೂ ಈ ವಿಷಯದಲ್ಲಿ ಅವರ ಮಾತೇ ಕೊನೆ ಎಂದು ಮೇಲ್ವಿಚಾರಕರು ಗೌರವದಿಂದ ಹೇಳಿದರು. ನನ್ನ ಬಳಿಗೆ ಬರುವ ಸೀಳುಗಳಲ್ಲಿ ಎಷ್ಟನ್ನು ಇಂಥವರು ಮೊದಲೇ ತಡೆದಿರುತ್ತಾರೋ ಎಂದು ಯೋಚಿಸುತ್ತಾ ನಿಂತಿದ್ದೆ.

ಯಂತ್ರ ಎಲ್ಲಿ, ಕೈ ಎಲ್ಲಿ ಎಂಬುದನ್ನು ಅವರು ಯೋಚಿಸಿಯೇ ಹಂಚಿದ್ದರು. ಫ್ರೆಟ್‌ಗಳ ತೋಡುಗಳನ್ನು ಕೊರೆಯುವುದು ಯಂತ್ರ. ಅದು ಶುದ್ಧ ಲೆಕ್ಕ: ತಂತಿಯ ಉದ್ದ 645 ಮಿಲಿಮೀಟರ್ ಎಂದಾದರೆ ಮೊದಲ ಫ್ರೆಟ್ ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ 36.2 ಮಿಲಿಮೀಟರ್ ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ ಬರಬೇಕು. ಆದರೆ ಮೇಲ್ಹಲಗೆಯ ಅಡಿಯ ಪಟ್ಟಿಗಳನ್ನು ಉಳಿಯಿಂದ ಕೆತ್ತುವವರು ಮನುಷ್ಯರೇ. ಒಂದೇ ದಿಮ್ಮಿಯಿಂದ ಬಂದ ಎರಡು ಹಲಗೆಗಳ ಬಿಗುವು ಕೂಡ ಒಂದೇ ಆಗಿರುವುದಿಲ್ಲ. ಒಂದೇ ಅಳತೆಗೆ ಕೆತ್ತಿದರೆ ಒಂದು ಮಂಕಾಗಿ, ಇನ್ನೊಂದು ದುರ್ಬಲವಾಗಿ ಉಳಿಯುತ್ತದೆ. ಪಟ್ಟಿಗಳನ್ನು ಎಕ್ಸ್ ಆಕಾರದಲ್ಲಿ ಜೋಡಿಸುವ ಕ್ರಮವನ್ನು ಗಿಟಾರ್ ತಯಾರಕ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1840ರ ದಶಕದಲ್ಲಿ, ಕರುಳಿನ ತಂತಿಗಳ ಕಾಲದಲ್ಲೇ ರೂಢಿಸಿಕೊಂಡಿದ್ದರು; ಒಟ್ಟು ಎಪ್ಪತ್ತು ಕಿಲೋಗ್ರಾಮಿನಷ್ಟು ಎಳೆಯುವ ಸ್ಟೀಲ್ ತಂತಿಗಳಿಗೂ ಮುಂದೆ ಅದೇ ಒದಗಿಬಂತು. ಅಲ್ಲಿನ ಹಿರಿಯ ಕೆಲಸಗಾರರು ಸ್ವಲ್ಪ ಕೆತ್ತಿ, ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳಿ, ಬಗ್ಗಿಸಿ ನೋಡಿ, ಮತ್ತೆ ಕೆತ್ತುತ್ತಿದ್ದರು. ಎಲ್ಲಿ ನಿಲ್ಲಿಸಬೇಕೆಂದು ಕೇಳಿದಾಗ ಅವರು ಉತ್ತರಿಸಲಿಲ್ಲ. ಕೆತ್ತಿ ಮುಗಿಸಿದ ಒಂದು, ಅರ್ಧ ಕೆತ್ತಿದ ಒಂದು ಹಲಗೆಯನ್ನು ನನ್ನ ಕೈಗಿತ್ತು ತಟ್ಟಲು ಹೇಳಿದರು. ವ್ಯತ್ಯಾಸ ಸ್ಪಷ್ಟವಾಗಿತ್ತು.

ಪಕ್ಕೆಗಳನ್ನು ಕಾಯಿಸಿ ಬಗ್ಗಿಸುವುದು, ಲ್ಯಾಕರ್ ಎಂಬ ಹೊಳಪಿನ ಲೇಪ ಬಳಿದು ಒಣಗಲು ಬಿಡುವುದು, ಉಜ್ಜುವುದು ಇವೆಲ್ಲ ನನಗೆ ಪರಿಚಿತವೇ. ಹೊಸ ಪಾಠ ಸಿಕ್ಕಿದ್ದು ನೆಕ್ ಕೂಡಿಸುವಲ್ಲಿ ಮತ್ತು ತಂತಿ ಕಟ್ಟಿ ಹದಗೊಳಿಸುವ ಕೊನೆಯ ಮೇಜಿನಲ್ಲಿ. ನೆಕ್ ಕೂಡಿಸುವವರು ಉಕ್ಕಿನ ಪಟ್ಟಿಯೊಂದನ್ನು ನೆಕ್ ಮೇಲಿನ, ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡ್ ಮೇಲಿಟ್ಟು, ಅದರ ತುದಿ ಬ್ರಿಡ್ಜ್‌ನ ನೆತ್ತಿಯ ಬಳಿ ಎಷ್ಟು ಎತ್ತರಕ್ಕೆ ಬರುತ್ತದೆಂದು ನೋಡುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನೆಕ್ಕನ್ನು ಬಿಡಿಸಿ, ಬುಡವನ್ನು ಸ್ಯಾಂಡ್ ಪೇಪರ್‌ನಿಂದ ತಿದ್ದಿ ಮತ್ತೆ ಕೂಡಿಸುತ್ತಾರೆ. ಈ ಕೋನ ತಪ್ಪಿದ್ದರೆ ತಂತಿಗಳು ಎತ್ತರದಲ್ಲಿ ನಿಲ್ಲುತ್ತವೆ. ಆಗ ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ಸ್ಯಾಡಲ್ ಎಂಬ ಪಟ್ಟಿಯನ್ನು ಉಜ್ಜಿ ತಗ್ಗಿಸಿಬಿಟ್ಟರೆ ಬೆರಳಿಗೆ ಹಿತವಾಗುತ್ತದೆ, ದೋಷ ಮರೆಯಾಗುತ್ತದೆ. ಆದರೆ ಸ್ಯಾಡಲ್ ತೀರ ತಗ್ಗಿದಾಗ ತಂತಿ ಅದರ ಮೇಲೆ ಗಟ್ಟಿಯಾಗಿ ಒತ್ತುವುದಿಲ್ಲ, ದನಿ ಸೊರಗುತ್ತದೆ, ಮುಂದೆ ತಗ್ಗಿಸಲು ಏನೂ ಉಳಿದಿರುವುದಿಲ್ಲ. ಕೊನೆಯ ಮೇಜಿನ ಯುವತಿ ನಾನು ನೋಡುತ್ತಿದ್ದಂತೆಯೇ ಅಂಥದ್ದೊಂದು ಗಿಟಾರ್ ಎತ್ತಿಕೊಂಡು ನೇರವಾಗಿ ನೆಕ್ ಮೇಜಿಗೆ ನಡೆದರು. ಅಲ್ಲಿದ್ದವರು ಬೇಸರಿಸಿಕೊಳ್ಳಲಿಲ್ಲ, ಅದೇ ರಾಶಿಯ ಉಳಿದ ನೆಕ್‌ಗಳನ್ನೂ ತೆಗೆದು ಅಳೆಯತೊಡಗಿದರು. ಅವರಿಬ್ಬರ ನಡುವಿನ ಆ ನಂಬಿಕೆಯನ್ನು ನಾನು ಬಹಳ ಮೆಚ್ಚಿದೆ.

ಈಗ ನನ್ನಲ್ಲಿಗೆ ಬರುವ ಪ್ರತಿ ಗಿಟಾರ್ ಮೊದಲು ನನ್ನ ಕೋಣೆಯ ಗಾಳಿಗೆ ಹೊಂದಿಕೊಳ್ಳಲೆಂದು ಒಂದೆರಡು ದಿನ ಸುಮ್ಮನೆ ಇರುತ್ತದೆ. ಆಮೇಲೆ ಆರ್ದ್ರತೆ, ನೆಕ್‌ನ ಕೋನ, ಹಲಗೆಯ ಉಬ್ಬು ಇವನ್ನು ಈ ಅನುಕ್ರಮದಲ್ಲೇ ಬರೆದುಕೊಂಡು, ಸ್ಯಾಡಲ್ಲನ್ನು ಕೊನೆಗೆ ಮುಟ್ಟುತ್ತೇನೆ.

ಹೊರಡುವ ಮುನ್ನ ಬ್ರಿಡ್ಜ್ ಅಂಟಿಸುವವರು, ದುರಸ್ತಿಗೆ ಬರುವ ಬ್ರಿಡ್ಜ್‌ಗಳು ಎಲ್ಲಿಂದ ಏಳುತ್ತವೆಂದು ನನ್ನನ್ನೇ ಕೇಳಿದರು. ಅಂಚಿನ ಅಡಿಯಲ್ಲಿ ಲ್ಯಾಕರ್ ಉಳಿದ ಕಡೆ ಅಂಟು ಮರಕ್ಕೆ ಹಿಡಿಯದೆ, ಹಿಂಬದಿಯ ಅಂಚಿನಿಂದಲೇ ಬಿರುಕು ಶುರುವಾಗುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆಂದು ಹೇಳಿ, ಮೊಬೈಲಿನಲ್ಲಿದ್ದ ಚಿತ್ರಗಳನ್ನು ತೋರಿಸಿದೆ. ಅವರು ಆ ಚಿತ್ರಗಳನ್ನು ಕೇಳಿ ಪಡೆದುಕೊಂಡರು, ಮತ್ತು ಲ್ಯಾಕರ್ ಕೆರೆಯುವ ಗೆರೆಯನ್ನು ಅಂಚಿಗೆ ಇನ್ನೆಷ್ಟು ಹತ್ತಿರ ಒಯ್ಯಬಹುದೆಂದು ಪಕ್ಕದವರೊಂದಿಗೆ ಚರ್ಚೆಗೆ ಕುಳಿತರು.