ಸೈಕಿಯಾಟ್ರಿ ವಾರ್ಡಿನ ಕ್ಲೇಮು: ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತು ಕಲಿತದ್ದು

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ನನ್ನ ಕೆಲಸ. ಹೆರಿಗೆ, ಡೆಂಗಿ, ಸ್ಟೆಂಟು, ಮೂಳೆ ಮುರಿತ, ಎಲ್ಲ ಫೈಲೂ ನಮ್ಮ ಕೌಂಟರ್ ದಾಟಿಯೇ ಹೋಗಬೇಕು. ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ, ಅಂದರೆ ಟಿಪಿಎ ಕಡೆಯಿಂದ ಕ್ವೆರಿ ಮೇಲೆ ಕ್ವೆರಿ ಬರುವುದು ಮಾತ್ರ ಸೈಕಿಯಾಟ್ರಿ ವಾರ್ಡಿನ ಫೈಲಿಗೆ.

ಕಾನೂನಿನಲ್ಲಿ ಗೊಂದಲವೇನಿಲ್ಲ. ದೇಹದ ಕಾಯಿಲೆಗೆ ಹೇಗೆ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಿ ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. 2018ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂತು. ಆಗಸ್ಟ್‌ನಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಕೂಡ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಆದರೂ 2022ರ ಅಕ್ಟೋಬರ್‌ನಲ್ಲಿ, ಈ ತಿಂಗಳ ಕೊನೆಯೊಳಗೆ ಎಲ್ಲ ಪಾಲಿಸಿಯಲ್ಲೂ ಸೇರಿಸಿ ಅಂತ ಅದೇ ಐಆರ್‌ಡಿಎಐ ಮತ್ತೊಮ್ಮೆ ಬರೆಯಬೇಕಾಯಿತು. ನಡುವಿನ ವರ್ಷಗಳಲ್ಲಿ ಏನು ನಡೆದಿರಬಹುದು, ನೀವೇ ಊಹಿಸಿ.

ಈಗ ‘ಮಾನಸಿಕ ಕಾಯಿಲೆಗೆ ಕವರ್ ಇಲ್ಲ’ ಅಂತ ಯಾರೂ ನೇರವಾಗಿ ಬರೆಯುವುದಿಲ್ಲ. ನಂಬರ್ ಹಾಕಿ ಕಳಿಸುತ್ತಾರೆ. ಎಲ್ಲ ಕಂಪನಿಗಳ ಪಾಲಿಸಿಯಲ್ಲೂ ಒಂದೇ ಥರ ಇರುವ ಹೊರಗಿಡುವ ಷರತ್ತುಗಳಿವೆ. ನಾಲ್ಕನೆಯದು, ಬರೀ ತಪಾಸಣೆಗೆ ಅಡ್ಮಿಟ್ ಆದರೆ ದುಡ್ಡಿಲ್ಲ. ಐದನೆಯದು, ವಿಶ್ರಾಂತಿಗೋ ಪುನರ್ವಸತಿಗೋ ಇದ್ದರೆ ಇಲ್ಲ. ಹನ್ನೆರಡನೆಯದು, ಕುಡಿತ ಮತ್ತು ಮಾದಕ ವಸ್ತುಗಳ ಚಟದ ಚಿಕಿತ್ಸೆ. ನಾನು ನೋಡಿದ ಸೈಕಿಯಾಟ್ರಿ ನಿರಾಕರಣೆಗಳಲ್ಲಿ ಜಾಸ್ತಿ ಪಾಲು ಈ ಮೂರರಲ್ಲೇ ಬರುತ್ತವೆ.

ಒಂದು ಫೈಲಿನ ಕಥೆ ಕೇಳಿ. ಹುಡುಗನಿಗೆ ತೀವ್ರ ಖಿನ್ನತೆ. ಊಟ ಬಿಟ್ಟಿದ್ದ, ಸಾಯುವ ಮಾತಾಡುತ್ತಿದ್ದ, ರಾತ್ರಿಯೆಲ್ಲ ಯಾರಾದರೂ ಪಕ್ಕದಲ್ಲಿರಬೇಕಿತ್ತು. ಆದರೆ ಅಡ್ಮಿಷನ್ ನೋಟಿನಲ್ಲಿ ಇದ್ದದ್ದು ಒಂದೇ ಸಾಲು: ‘ಅಡ್ಮಿಟ್ ಫಾರ್ ಆಬ್ಸರ್ವೇಶನ್’. ಕ್ವೆರಿ ಬಂತು, ‘ಅಡ್ಮಿಟ್ ಮಾಡದೆ ಓಪಿಡಿಯಲ್ಲೇ ಯಾಕೆ ಚಿಕಿತ್ಸೆ ಕೊಡಲಿಲ್ಲ?’ ಹೃದಯದ ರೋಗಿಗೆ ಇಸಿಜಿ ತೋರಿಸಬಹುದು. ಇಲ್ಲಿ ತೋರಿಸೋಕೆ ಸ್ಕ್ಯಾನ್ ಇಲ್ಲ, ಬರಹವೇ ಸಾಕ್ಷಿ. ಹುಡುಗನ ಅಪ್ಪ ಕೌಂಟರಿಗೆ ಬಂದು, “ಮೇಡಂ, ಕಾಲು ಮುರ್ಕೊಂಡಿದ್ರೆ ಇಷ್ಟೊತ್ತಿಗೆ ಅಪ್ರೂವಲ್ ಬಂದಿರೋದು, ಅಲ್ವಾ?” ಅಂದರು. ಅಲ್ಲ ಅನ್ನೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಡಾಕ್ಟರ ಹತ್ತಿರ ಹೋಗಿ, ನೀವು ಕಂಡದ್ದನ್ನೆಲ್ಲ ಬರೆದುಕೊಡಿ ಸಾರ್ ಅಂದೆ. ಊಟ ಎಷ್ಟು ದಿನದಿಂದ ಇಲ್ಲ, ಜೀವಕ್ಕೆ ಅಪಾಯ ಎಷ್ಟಿದೆ, ಯಾವ ಔಷಧಿ ಬದಲಾಯಿಸಿದರು, ಮನೆಯಲ್ಲಿಟ್ಟು ಅದನ್ನು ಯಾಕೆ ಮಾಡಲಾಗದು. ಹೊಸದಾಗಿ ಏನನ್ನೂ ಸೇರಿಸಬೇಕಿರಲಿಲ್ಲ. ನರ್ಸ್‌ಗಳ ಚಾರ್ಟಿನಲ್ಲಿ ಎಲ್ಲವೂ ಇತ್ತು. ಕ್ಲೇಮ್ ಪಾಸಾಯಿತು. ಅಲ್ಲಿಂದೀಚೆಗೆ ಕ್ವೆರಿ ಬರಲಿ ಅಂತ ಕಾಯುವುದಿಲ್ಲ. ಮೊದಲ ರಿಕ್ವೆಸ್ಟಿನ ಜೊತೆಗೇ ಈ ಕಾರಣದ ಪತ್ರ ಹೋಗುತ್ತದೆ.

ಕುಡಿತದ ವಿಷಯ ಇನ್ನೂ ಕಗ್ಗಂಟು. ಕುಡಿತದಿಂದ ಬರುವ ಮಾನಸಿಕ ಸ್ಥಿತಿಯನ್ನೂ ಕಾಯ್ದೆ ಮಾನಸಿಕ ಕಾಯಿಲೆ ಅಂತಲೇ ಲೆಕ್ಕ ಹಾಕುತ್ತದೆ, ಪಾಲಿಸಿ ಹೊರಗಿಡುತ್ತದೆ. ಖಿನ್ನತೆಯೂ ಕುಡಿತವೂ ಒಟ್ಟಿಗೇ ಇರುವವರು ಎಷ್ಟೋ ಜನ. ಯಾವುದಕ್ಕೆ ಅಡ್ಮಿಟ್ ಮಾಡಿದರು ಅನ್ನುವುದು ಡಿಸ್ಚಾರ್ಜ್ ಸಮರಿಯಲ್ಲಿ ಬಿಡಿಸಿ ಬರೆದಿಲ್ಲದಿದ್ದರೆ ಇಡೀ ಬಿಲ್ಲು ಹೋಯಿತು. ಇದು ನನಗೆ ಈಗಲೂ ಅನ್ಯಾಯ ಅಂತಲೇ ಅನಿಸುತ್ತದೆ.

ಇನ್ನು ಮುಚ್ಚಿಡುವುದು. “ತಂಗಿಗೆ ಮದುವೆ ಆಗ್ಬೇಕು ಮೇಡಂ, ಅದನ್ನೆಲ್ಲ ಯಾಕೆ ಬರೆಸ್ತೀರಾ?” ಅನ್ನುವವರಿದ್ದಾರೆ. ಹಿಂದೆ ತೆಗೆದುಕೊಂಡ ಮಾತ್ರೆಯನ್ನು ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಹೇಳಿರುವುದಿಲ್ಲ. ಹಳೇ ಪ್ರಿಸ್ಕ್ರಿಪ್ಷನ್ ಫೈಲಿಗೆ ಸೇರಿದ ದಿನ ಸಿಕ್ಕಿಬೀಳುತ್ತಾರೆ. ಹೇಳಿದ್ದರೆ ಹೆಚ್ಚಾಗಿ ಕಾಯುವ ಅವಧಿ ಹಾಕುತ್ತಿದ್ದರು, ಅಂದರೆ ಅಷ್ಟು ಕಾಲ ಆ ಕಾಯಿಲೆಗೆ ಕ್ಲೇಮ್ ಇಲ್ಲ, ಅಷ್ಟೆ. 2024ರ ನಿಯಮದಲ್ಲಿ ಅದು ಮೂರು ವರ್ಷ ದಾಟುವಂತಿಲ್ಲ. ಕಂಪನಿ ಪಾಲಿಸಿ ಇರುವ ಐಟಿ ಹುಡುಗರದ್ದು ಬೇರೆ ಭಯ. ಆಫೀಸಿಗೆ ಗೊತ್ತಾಗುತ್ತೆ ಅಂತ ಕಾರ್ಡನ್ನೇ ಹೊರಗೆ ತೆಗೆಯದೆ ಕೈಯಿಂದ ಕಟ್ಟಿ ಹೋಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೂತು ಮಾತ್ರ ನನ್ನ ಕೌಂಟರಿಗೆ ಬರುವುದೇ ಇಲ್ಲ. ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡುವುದು ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ, ಅದೂ ಕನಿಷ್ಠ 24 ಗಂಟೆ ಅಲ್ಲಿದ್ದರೆ. ಮನಸ್ಸಿನ ಚಿಕಿತ್ಸೆ ನಡೆಯುವುದೋ ಬಹುಪಾಲು ಓಪಿಡಿಯಲ್ಲಿ. ವಾರ ವಾರ ಕೌನ್ಸೆಲಿಂಗ್, ವರ್ಷಗಟ್ಟಲೆ ಮಾತ್ರೆ. ಓಪಿಡಿ ಕವರ್ ಬೇರೆಯಾಗಿ ಕೊಂಡಿಲ್ಲದಿದ್ದರೆ ಅದೆಲ್ಲ ಸ್ವಂತ ಜೇಬಿನಿಂದಲೇ.

ಅದಕ್ಕೇ ಡಿಸ್ಚಾರ್ಜ್ ಹೊತ್ತಿನಲ್ಲಿ ಒಂದು ಮಾತು ಹೇಳಿ ಕಳಿಸುತ್ತೇನೆ. ಆಸ್ಪತ್ರೆ ಬಿಟ್ಟ ಮೇಲಿನ ಖರ್ಚನ್ನೂ ಎಷ್ಟೋ ಪಾಲಿಸಿಗಳು 60 ಅಥವಾ 90 ದಿನ ಕೊಡುತ್ತವೆ. ಅದೇ ಕಾಯಿಲೆಯ ಫಾಲೋಅಪ್ ಫೀಸು, ಮಾತ್ರೆ ಬಿಲ್ಲು ಎರಡೂ ಎತ್ತಿಡಿ. ಕೌನ್ಸೆಲಿಂಗ್ ಬೇಕಿದ್ದರೆ ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಕ್ಲೇಮ್ ಹಾಕಿ ನೋಡಬಹುದು. ಆ ಹುಡುಗನ ಅಪ್ಪ ಬಿಲ್ಲುಗಳನ್ನೆಲ್ಲ ಪಿನ್ ಮಾಡಿ ತಂದುಕೊಟ್ಟರು. ಮಾತ್ರೆ ದುಡ್ಡು ಬಂತು, ಡಾಕ್ಟರ ಫೀಸೂ ಬಂತು. ಕೌನ್ಸೆಲಿಂಗಿನದು ಬರಲಿಲ್ಲ. ಅದಕ್ಕೆ ಈಗ ವಿಮಾ ದೂರುಗಳನ್ನು ಕೇಳುವ ಒಂಬುಡ್ಸ್‌ಮನ್‌ಗೆ ಅರ್ಜಿ ಬರೆಯುತ್ತಿದ್ದಾರೆ.